ತಮ್ಮನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಲೇ, ಮಾನಿಟರ್ ಸಾಕೇ?

ಪ್ರಶ್ನೆ: ಮೇಡಂ, ನಾವಿರುವುದು ಯಡಿಯೂರು ಕೆರೆಯ ಹತ್ತಿರ, ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿ. ಅಪ್ಪ ಬಿಎಂಟಿಸಿಯಿಂದ ನಿವೃತ್ತರಾಗಿದ್ದಾರೆ. ನಾನು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುತ್ತೇನೆ. ತಮ್ಮ ಇಂಜಿನಿಯರಿಂಗ್ ಮೂರನೇ ವರ್ಷ. ಅವನು ಪಿಯುಸಿಗೆ ಸೇರಿದಾಗ, 2021ರಲ್ಲಿ, ಆನ್‌ಲೈನ್ ಕ್ಲಾಸಿಗೆಂದು ಕೊಡಿಸಿದ ಲ್ಯಾಪ್‌ಟಾಪ್ ಇದೆ. ಎಂಟು ಜಿಬಿ ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್, 60 ಹರ್ಟ್ಜ್ ಪರದೆ ಎಂದು ಅವನೇ ಚೀಟಿಯಲ್ಲಿ ಬರೆದುಕೊಟ್ಟ. ‘ತುಂಬಾ ಲ್ಯಾಗ್ ಅಕ್ಕಾ, ಇದರಲ್ಲಿ ಏನೂ ಮಾಡಕ್ಕಾಗಲ್ಲ’ ಅಂತ ಈಗ ಒಂದೂಕಾಲು ಲಕ್ಷದ ಹೊಸ ಗೇಮಿಂಗ್ ಲ್ಯಾಪ್‌ಟಾಪ್ ಕೇಳುತ್ತಿದ್ದಾನೆ. ಅದಾಗದಿದ್ದರೆ 27 ಇಂಚಿನ ಕ್ಯೂಎಚ್‌ಡಿ ಮಾನಿಟರ್ ಆದರೂ ಕೊಡಿಸು ಅನ್ನುತ್ತಾನೆ. ರಾತ್ರಿ ಗೆಳೆಯರ ಜೊತೆ ವ್ಯಾಲರಂಟ್ ಆಡುತ್ತಾನೆ. ಮುಂದೆ ಗೇಮ್ ತಯಾರಿಸುವ ಕಂಪನಿ ಸೇರಬೇಕೆಂಬ ಆಸೆಯೂ ಇದೆ. ಅಪ್ಪ ಪೇಪರಿನಲ್ಲಿ ಆನ್‌ಲೈನ್ ಗೇಮ್ ನಿಷೇಧದ ಸುದ್ದಿ ಓದಿ, ‘ಜೂಜಾಡೋಕೆ ಲಕ್ಷ ರೂಪಾಯಿನಾ?’ ಎಂದು ಅವನ ಹತ್ತಿರ ಮಾತೇ ಬಿಟ್ಟಿದ್ದಾರೆ. ನನ್ನ ಉಳಿತಾಯ ಎಪ್ಪತ್ತು ಸಾವಿರ. ಇದಕ್ಕಾಗಿ ನನ್ನ ಹಲ್ಲಿನ ರೂಟ್ ಕೆನಾಲ್ ಕೂಡ ಮುಂದಕ್ಕೆ ಹಾಕಿದ್ದೇನೆ. ಉಳಿದದ್ದಕ್ಕೆ ನೋ ಕಾಸ್ಟ್ ಇಎಂಐ ಮಾಡಿಸಲೇ? ಕೊಡಿಸಿದರೆ ತಮ್ಮನನ್ನು ನಾನೇ ಹಾಳು ಮಾಡಿದ ಹಾಗಾ? ಕೊಡಿಸದಿದ್ದರೆ ಅವನ ದಾರಿಗೆ ಅಡ್ಡ ನಿಂತ ಹಾಗಾ?
ಹೆಸರು ಬೇಡ, ಯಡಿಯೂರು

ಉತ್ತರ: ತಂಗಿ, ಮೊದಲು ರೂಟ್ ಕೆನಾಲ್ ಮಾಡಿಸಿಕೊಳ್ಳಿ. ತಡವಾದಷ್ಟೂ ಸೋಂಕು ಬೇರಿನಿಂದ ದವಡೆಗೆ ಇಳಿಯಬಹುದು, ಕೊನೆಗೆ ಹಲ್ಲನ್ನೇ ಕೀಳಬೇಕಾಗಬಹುದು, ಖರ್ಚೂ ಏರುತ್ತದೆ. ಎಪ್ಪತ್ತು ಸಾವಿರದಲ್ಲಿ ಆ ಹಣವನ್ನು ಈ ವಾರವೇ ಬೇರೆ ತೆಗೆದಿಡಿ. ಉಳಿದದ್ದರ ಬಗ್ಗೆ ಮಾತ್ರ ನಾವೀಗ ಮಾತಾಡೋಣ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ವರ್ಷ ಹೊಸ ಲ್ಯಾಪ್‌ಟಾಪ್ ಬೇಡ, ಸಾಲ ಮಾಡಿಯಂತೂ ಬೇಡವೇ ಬೇಡ. ಇರುವ ಲ್ಯಾಪ್‌ಟಾಪಿನ ಧೂಳು ತೆಗೆಸಿ, ರ‍್ಯಾಮ್ ಹೆಚ್ಚಿಸಿ, ಜೊತೆಗೆ 24 ಇಂಚಿನ ಒಳ್ಳೆಯ ಮಾನಿಟರ್ ಒಂದನ್ನು ಕೊಡಿಸಿ. ಇದನ್ನು ಕೂಡ ನಾನು ಹೇಳಿದೆನೆಂದು ಮಾಡಬೇಡಿ. ಕೊರತೆ ಎಲ್ಲಿದೆ ಎಂದು ನಿಮ್ಮ ತಮ್ಮ ಅಳೆದು ತೋರಿಸಲಿ, ದುಡ್ಡು ಆಮೇಲೆ ಹೊರಬರಲಿ. ಇಪ್ಪತ್ತು ವರ್ಷದ ಹುಡುಗ, ಇಂಜಿನಿಯರಿಂಗ್ ಓದುತ್ತಿರುವವನು, ತನ್ನ ಯಂತ್ರಕ್ಕೆ ಏನಾಗಿದೆ ಎಂದು ತಾನೇ ಪತ್ತೆ ಹಚ್ಚಬಲ್ಲ. ಹಚ್ಚಬೇಕು ಕೂಡ.

‘ಲ್ಯಾಗ್’ ಎಂದು ಹುಡುಗರು ಕರೆಯುವುದರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ, ನಾಲ್ಕಕ್ಕೂ ಔಷಧ ಬೇರೆ. ಮೊದಲನೆಯದು ಇಂಟರ್ನೆಟ್ಟಿನದು. ವ್ಯಾಲರಂಟ್ ಆಟಕ್ಕೆ ಮುಂಬೈಯಲ್ಲೇ ಸರ್ವರ್ ಇದೆ. ಆಡುವಾಗ ಪರದೆಯ ಮೇಲೆ ಪಿಂಗ್, ಅಂದರೆ ಸರ್ವರಿಗೆ ಹೋಗಿ ಬರುವ ಸಮಯ, ಎಷ್ಟೆಂದು ಕಾಣುವಂತೆ ಅವನು ಸೆಟ್ಟಿಂಗ್ ಇಟ್ಟುಕೊಳ್ಳಲಿ. ಆ ಅಂಕಿ ಮೂವತ್ತು ನಲವತ್ತರಲ್ಲಿ ಇದ್ದದ್ದು ಇದ್ದಕ್ಕಿದ್ದಂತೆ ನೂರೈವತ್ತಕ್ಕೆ ಹಾರುತ್ತಿದ್ದರೆ ತಪ್ಪು ವೈಫೈಯದು. ಹಾಲಿನಲ್ಲಿ ರೂಟರ್, ಒಳಗಿನ ರೂಮಿನಲ್ಲಿ ಹುಡುಗ, ನಡುವೆ ಗೋಡೆಗಳು, ಸುತ್ತಮುತ್ತಲ ಮನೆಗಳ ವೈಫೈಗಳೆಲ್ಲ ಅದೇ ಗಾಳಿಯಲ್ಲಿ. ಇದಕ್ಕೆ ಒಂದೂಕಾಲು ಲಕ್ಷದ ಲ್ಯಾಪ್‌ಟಾಪ್ ತಂದರೂ ಪ್ರಯೋಜನವಿಲ್ಲ. ರೂಟರಿನಿಂದ ರೂಮಿಗೆ ಕೆಲವು ನೂರು ರೂಪಾಯಿಯ ಲ್ಯಾನ್ ಕೇಬಲ್ ಎಳೆದರೆ ಸರಿಹೋಗುತ್ತದೆ.

ಎರಡನೆಯದು ಬಿಸಿ. ಆಟ ಶುರುವಾದ ಮೊದಲ ಹತ್ತು ನಿಮಿಷ ಸಲೀಸಾಗಿ ಓಡಿ, ಆಮೇಲೆ ಕುಂಟತೊಡಗಿದರೆ ಬಿಸಿಯೇ ಕಾರಣ ಎಂದು ಬಹುಮಟ್ಟಿಗೆ ಹೇಳಬಹುದು. ಪ್ರೊಸೆಸರ್ ತೊಂಬತ್ತೈದು ಡಿಗ್ರಿಯ ಆಸುಪಾಸಿಗೆ ಬಂದರೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 2021ರ ಲ್ಯಾಪ್‌ಟಾಪನ್ನು ಇವತ್ತಿನವರೆಗೆ ಯಾರೂ ಬಿಚ್ಚಿ ನೋಡಿಲ್ಲವೆಂದರೆ ಫ್ಯಾನಿನ ಹಿಂದಿನ ಸಂದುಗಳಲ್ಲಿ ಧೂಳು ಕಟ್ಟಿರುತ್ತದೆ, ಚಿಪ್ಪಿನ ಮೇಲೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಗೊತ್ತಿರುವ ಸರ್ವಿಸ್‌ನವರ ಹತ್ತಿರ ಧೂಳು ತೆಗೆಸಿ ಪೇಸ್ಟ್ ಹೊಸದು ಹಾಕಿಸಿ. ಹಾಸಿಗೆಯ ಮೇಲಿಟ್ಟು ಆಡುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು. ಕೆಳಗಿನಿಂದ ಗಾಳಿ ಎಳೆದುಕೊಳ್ಳುವ ಯಂತ್ರಕ್ಕೆ ಹಾಸಿಗೆ ಉಸಿರು ಕಟ್ಟಿಸುತ್ತದೆ.

ಮೂರನೆಯದು ರ‍್ಯಾಮ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆಟ ನಡೆಯುತ್ತಿರುವಾಗ ಅಲ್ಲಿ ಮೆಮೊರಿ ಶೇ 90 ದಾಟಿದೆಯೇ ಎಂದು ನೋಡಲಿ. ವಿಂಡೋಸ್, ಕ್ರೋಮ್, ಗೆಳೆಯರೊಂದಿಗೆ ಮಾತಾಡಲು ಡಿಸ್ಕಾರ್ಡ್, ಮೇಲೆ ಆಟ, ಇವೆಲ್ಲಕ್ಕೆ ಎಂಟು ಜಿಬಿ ಸಾಲುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಆ ಕಾಲದ ಅಗ್ಗದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎಂಟು ಜಿಬಿಯ ಒಂದೇ ಸ್ಟಿಕ್ ಹಾಕಿ, ಪಕ್ಕದ ಸ್ಲಾಟನ್ನು ಖಾಲಿ ಬಿಟ್ಟು ಮಾರಿದ್ದೇ ಹೆಚ್ಚು. ಅದೇ ಅಳತೆಯ ಇನ್ನೊಂದು ಸ್ಟಿಕ್ ಸೇರಿದರೆ ಜಾಗ ದುಪ್ಪಟ್ಟಾಗುವುದಷ್ಟೇ ಅಲ್ಲ, ಎರಡು ದಾರಿಯಲ್ಲಿ ಮಾಹಿತಿ ಓಡಾಡುವುದರಿಂದ ಆಟದ ವೇಗವೂ ಏರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಹಳೆಯ ದರ ನಂಬಿಕೊಂಡು ಹೋಗದೆ ಎರಡು ಮೂರು ಅಂಗಡಿಯಲ್ಲಿ ಅವತ್ತಿನ ಬೆಲೆ ಕೇಳಲಿ.

ಕೊನೆಯದು ಗ್ರಾಫಿಕ್ಸ್. ಪಿಂಗ್ ಸರಿಯಿದೆ, ಬಿಸಿಯಿಲ್ಲ, ಮೆಮೊರಿ ಖಾಲಿಯಿದೆ, ಆದರೂ ಆಟ ನಿಧಾನ, ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು ಸದಾ ಶೇ 97, 98 ತೋರಿಸುತ್ತಿದೆ ಎಂದಾದರೆ ಆಗ ಮಾತ್ರ ಗ್ರಾಫಿಕ್ಸ್ ಸಾಲುತ್ತಿಲ್ಲ ಎಂದರ್ಥ. ಲ್ಯಾಪ್‌ಟಾಪಿನಲ್ಲಿ ಅದನ್ನು ಬದಲಿಸಲು ಬರುವುದಿಲ್ಲ, ಇಡೀ ಯಂತ್ರವನ್ನೇ ಬದಲಿಸಬೇಕು. ಆದರೆ ವ್ಯಾಲರಂಟ್ ಭಾರದ ಆಟವಲ್ಲ. ಎಲ್ಲ ಥರದ ಕಂಪ್ಯೂಟರಿನಲ್ಲೂ ಓಡಲೆಂದೇ ಅದನ್ನು ಹಗುರವಾಗಿ ಕಟ್ಟಿದ್ದಾರೆ. ನಿಮ್ಮಲ್ಲಿರುವ ಜಿಟಿಎಕ್ಸ್ 1650 ಆರೋಗ್ಯವಾಗಿದ್ದರೆ ಅದರಲ್ಲಿ ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಫ್ರೇಮ್ ಕೊಡಬಲ್ಲದು. ತೊಂದರೆಯೆಂದರೆ ಅವನ ಪರದೆ ಸೆಕೆಂಡಿಗೆ ಅರವತ್ತನ್ನಷ್ಟೇ ತೋರಿಸುತ್ತದೆ. ಉಳಿದ ಫ್ರೇಮುಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಮಾನಿಟರ್ ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ. 60 ಹರ್ಟ್ಜ್ ಪರದೆಯಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಂತಿರುತ್ತದೆ. 144 ಹರ್ಟ್ಜ್‌ನಲ್ಲಿ 6.9. ಹತ್ತು ಮಿಲಿಸೆಕೆಂಡಿನ ಈ ಅಂತರ ಆಡುವವನಿಗೆ ಮೊದಲ ದಿನವೇ ತಿಳಿಯುತ್ತದೆ. 240ಕ್ಕೆ ಹೋದರೆ 4.2, ಅಂದರೆ ಇನ್ನು ಮೂರು ಮಿಲಿಸೆಕೆಂಡಿಗಿಂತ ಕಡಿಮೆ ಲಾಭ. ಅಷ್ಟಕ್ಕೆ ಹೆಚ್ಚು ದುಡ್ಡು ಕೊಡುವುದು ಪಂದ್ಯಾವಳಿಗಳಲ್ಲಿ ಆಡುವವರಿಗೆ ಸರಿ, ನಿಮ್ಮ ತಮ್ಮನಿಗೆ ಬೇಕಾಗಿಲ್ಲ. 24 ಇಂಚು, ಫುಲ್ ಎಚ್‌ಡಿ, ಐಪಿಎಸ್ ಪ್ಯಾನೆಲ್, 144ರಿಂದ 180 ಹರ್ಟ್ಜ್. ಇಷ್ಟಿರುವ ಮಾನಿಟರ್ ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ.

ಹಾಗಾದರೆ ಅವನು ಕೇಳಿದ 27 ಇಂಚಿನ ಕ್ಯೂಎಚ್‌ಡಿ ಯಾಕೆ ಬೇಡ? ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ, ಕ್ಯೂಎಚ್‌ಡಿಯಲ್ಲಿ 36.9 ಲಕ್ಷ. ಪ್ರತಿ ಚಿತ್ರಕ್ಕೂ ಮುಕ್ಕಾಲು ಪಾಲಿಗೂ ಮೀರಿದ ಹೆಚ್ಚುವರಿ ಕೆಲಸವನ್ನು ಅದೇ ನಾಲ್ಕು ಜಿಬಿ ಮೆಮೊರಿಯ ಹಳೆಯ ಗ್ರಾಫಿಕ್ಸ್ ಮಾಡಬೇಕು. ಮಾಡಲಾರದೆ ರೆಸಲ್ಯೂಶನ್ ಇಳಿಸಿದರೆ ಚಿತ್ರ ಮಸುಕಾಗುತ್ತದೆ. 27 ಇಂಚೇ ಬೇಕೆಂದು ಫುಲ್ ಎಚ್‌ಡಿಯಲ್ಲಿ ತಂದರೆ ಅಕ್ಷರಗಳು ಒರಟಾಗಿ ಕಾಣುತ್ತವೆ. ಇಂಚಿಗೆ 82 ಚುಕ್ಕೆ ಮಾತ್ರ, ಇಪ್ಪತ್ನಾಲ್ಕರಲ್ಲಾದರೆ 92. ದಿನವಿಡೀ ಕೋಡ್ ಬರೆಯುವವನಿಗೆ ಇದು ಸಣ್ಣ ವಿಷಯವಲ್ಲ. ಕ್ಯೂಎಚ್‌ಡಿ ಓದಲು ಚೆನ್ನ ಎಂಬುದನ್ನು ನಾನು ಒಪ್ಪುತ್ತೇನೆ. ಅವನು ಆಟ ಬಿಟ್ಟು ಬರೀ ಕೆಲಸಕ್ಕೆ ಕೇಳಿದ್ದರೆ ಅದನ್ನೇ ಕೊಡಿಸಿ ಎನ್ನುತ್ತಿದ್ದೆ.

ಪೆಟ್ಟಿಗೆಯ ಮೇಲೆ ‘1 ಎಂಎಸ್’, ‘ಎಚ್‌ಡಿಆರ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಈ ಬೆಲೆಯಲ್ಲಿ ಎರಡಕ್ಕೂ ಮನಸೋಲಬೇಡಿ. ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ ಇದೆಯೇ, ಸ್ಟ್ಯಾಂಡ್ ಎತ್ತರ ಹೊಂದಿಸಬಹುದೇ, ಮೂರು ವರ್ಷದ ವಾರಂಟಿ ಇದೆಯೇ ಎಂದು ನೋಡಿದರೆ ಸಾಕು. ಜಿಎಸ್‌ಟಿ ಇಳಿದು ಮಾನಿಟರ್ ಅಗ್ಗವಾಗಿದೆ ಎಂದು ಯಾರಾದರೂ ಅವಸರ ಮಾಡಿದರೆ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡವಕ್ಕೆ. ನಿಮಗೆ ಬೇಕಾದ ಅಳತೆಗೆ ಅದಕ್ಕೂ ಮೊದಲೇ ಶೇ 18 ಇತ್ತು.

ಈಗ ಲ್ಯಾಪ್‌ಟಾಪಿನ ವಿಚಾರ. ಒಂದೇ ಹೆಸರಿನ ಗ್ರಾಫಿಕ್ಸ್ ಎರಡು ಲ್ಯಾಪ್‌ಟಾಪಿನಲ್ಲಿ ಒಂದೇ ಥರ ಓಡುವುದಿಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಲ್ಯಾಪ್‌ಟಾಪಿಗೆ ಬರುವ ಆರ್‌ಟಿಎಕ್ಸ್ 4060 ಚಿಪ್ಪಿಗೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಕೊಡಬಹುದೆಂದು ಎನ್‌ವಿಡಿಯಾ ಕಂಪನಿಯೇ ತಯಾರಕರಿಗೆ ಬಿಟ್ಟಿದೆ. ತೆಳ್ಳಗಿನ ಅಂದದ ಲ್ಯಾಪ್‌ಟಾಪಿನಲ್ಲಿ ಕಡಿಮೆ ವ್ಯಾಟ್, ದಪ್ಪನೆಯದರಲ್ಲಿ ಹೆಚ್ಚು. ಹೆಸರಿನ ಚೀಟಿ ಒಂದೇ, ಆಟದಲ್ಲಿ ಅಜಗಜಾಂತರ. ಮುಂದೆಂದಾದರೂ ಕೊಳ್ಳುವಾಗ ಗ್ರಾಫಿಕ್ಸಿಗೆ ಕೊಡುವ ವಿದ್ಯುತ್, ಅಂದರೆ ಟಿಜಿಪಿ, ಎಷ್ಟು ವ್ಯಾಟ್, ರ‍್ಯಾಮ್ ಬದಲಿಸಲು ಸ್ಲಾಟ್ ಇದೆಯೋ ಅಥವಾ ಬೋರ್ಡಿಗೇ ಬೆಸುಗೆ ಹಾಕಿದ್ದಾರೋ, ಚಾರ್ಜರ್ ಸೇರಿ ತೂಕ ಎಷ್ಟು ಎಂದು ಈ ಮೂರನ್ನು ಕೇಳದೆ ದುಡ್ಡು ಕೊಡಬಾರದು. ಮೂರು ಕಿಲೋ ಹೊತ್ತುಕೊಂಡು ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗಬೇಕಾದವನು ಅವನೇ ತಾನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದ್ದು ನಿಜ. ಆದರೆ 2021ರ ಗೇಮಿಂಗ್ ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ವಿಂಡೋಸ್ 11ಕ್ಕೆ ಉಚಿತವಾಗಿಯೇ ಏರಬಲ್ಲವು. ಹೊಸ ಯಂತ್ರಕ್ಕೆ ಅದು ನೆಪವಾಗಬಾರದು.

ನೋ ಕಾಸ್ಟ್ ಇಎಂಐ ಬಗ್ಗೆ ಕೇಳಿದ್ದೀರಿ. ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಕಡಿತವೆಂದು ತೋರಿಸಿ ಸರಿದೂಗಿಸುತ್ತಾರೆ, ಅಷ್ಟೇ. ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮ ತಲೆಗೆ, ಪ್ರೊಸೆಸಿಂಗ್ ಶುಲ್ಕವೂ ನಿಮ್ಮದೇ. ಒಟ್ಟಿಗೆ ಕೊಟ್ಟರೆ ಬಿಡುತ್ತಿದ್ದ ರಿಯಾಯಿತಿಯೂ ಕೈತಪ್ಪಬಹುದು. ಅದಕ್ಕಿಂತ ದೊಡ್ಡ ಮಾತು ಒಂದಿದೆ. ಬಾಡಿಗೆ ಮನೆ, ಅಪ್ಪನ ವಯಸ್ಸು, ಸಂಬಳ ನಿಮ್ಮದು. ಉಳಿತಾಯವನ್ನೆಲ್ಲ ಬರಿದು ಮಾಡಿ ಮೇಲೆ ತಿಂಗಳ ಕಂತು ಹೊತ್ತುಕೊಂಡರೆ, ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದ ದಿನ ನೀವು ಯಾರ ಮುಂದೆ ನಿಲ್ಲುತ್ತೀರಿ? ತಮ್ಮನಿಗೂ ಈ ಲೆಕ್ಕ ಗೊತ್ತಿರಲಿ. ಅಕ್ಕನ ಹತ್ತಿರ ಎಷ್ಟಿದೆ, ಅದರಲ್ಲಿ ಹಲ್ಲಿಗೆ ಎಷ್ಟು, ಬಾಡಿಗೆ ಅಡ್ವಾನ್ಸಿಗೆ ಎಷ್ಟು ಎಂದು ಬಿಡಿಸಿ ಹೇಳಿ. ಮುಚ್ಚಿಟ್ಟು ತ್ಯಾಗ ಮಾಡುವುದು ಅವನಿಗೂ ಒಳ್ಳೆಯದಲ್ಲ.

ಅಪ್ಪನ ಸಿಟ್ಟಿನಲ್ಲಿ ಕಾಳಜಿ ಇದೆ, ಮಾಹಿತಿ ಮಾತ್ರ ಕಲಸಿಹೋಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ತಡೆದಿರುವುದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ರಮ್ಮಿ, ಪೋಕರ್, ದುಡ್ಡಿನ ಫ್ಯಾಂಟಸಿ ಕ್ರಿಕೆಟ್ ಇವೆಲ್ಲ ಆ ಗುಂಪಿನವು. ಹಣ ಪಣವಿಡದ ಆಟಗಳನ್ನೂ ಇ-ಸ್ಪೋರ್ಟ್ಸನ್ನೂ ಅದೇ ಕಾಯ್ದೆ ಬೇರೆಯಾಗಿ ಗುರುತಿಸಿ ಪ್ರೋತ್ಸಾಹದ ಮಾತಾಡಿದೆ. ವ್ಯಾಲರಂಟ್‌ನಲ್ಲಿ ಬಂದೂಕಿಗೆ ಬಣ್ಣದ ಸ್ಕಿನ್ ಕೊಳ್ಳಲು ಹುಡುಗರು ದುಡ್ಡು ಕೊಡುವುದುಂಟು, ಅದನ್ನು ಅವನು ತನ್ನ ಪಾಕೆಟ್ ಮನಿಗೆ ಮಿತಿಗೊಳಿಸಬೇಕು. ಆದರೆ ಅದು ಜೂಜಲ್ಲ. ಈ ವ್ಯತ್ಯಾಸವನ್ನು ನೀವು ವಕೀಲಿ ಮಾಡಿ ಹೇಳುವುದಕ್ಕಿಂತ ತಮ್ಮನೇ ಅಪ್ಪನ ಪಕ್ಕ ಕೂತು ಒಂದು ಆಟ ತೋರಿಸಿ ವಿವರಿಸುವುದು ಒಳ್ಳೆಯದು. ವರ್ಷಗಟ್ಟಲೆ ಈ ಊರಿನ ಟ್ರಾಫಿಕ್ಕಿನ ನಡುವೆ ಕೆಲಸ ಮಾಡಿದವರು, ಕ್ಷಣದಲ್ಲಿ ನೋಡಿ ಪ್ರತಿಕ್ರಿಯಿಸುವುದು ಎಷ್ಟು ಕಷ್ಟ ಎಂದು ಅವರಿಗೆ ಬೇಗ ಅರ್ಥವಾಗುತ್ತದೆ.

ಗೇಮ್ ಕಂಪನಿ ಸೇರುವ ಆಸೆಯನ್ನೂ ಹಗುರವಾಗಿ ಕಾಣಬೇಡಿ ಎಂದು ಅಪ್ಪನಿಗೆ ಹೇಳಿ. ಆ ಉದ್ಯೋಗ ನಮ್ಮೂರಿಗೆ ಹೊಸದಲ್ಲ. ದೇಶದ ಮೊದಮೊದಲ ಗೇಮ್ ಸ್ಟುಡಿಯೋ ಧ್ರುವ ಇಂಟರಾಕ್ಟಿವ್ ತೊಂಬತ್ತರ ದಶಕದಲ್ಲೇ ಬೆಂಗಳೂರಿನಲ್ಲಿ ಶುರುವಾಯಿತು. 2019ರಲ್ಲಿ ಅದನ್ನು ಕೊಂಡವರು ಗ್ರ್ಯಾಂಡ್ ಥೆಫ್ಟ್ ಆಟೋ ತಯಾರಿಸುವ ರಾಕ್‌ಸ್ಟಾರ್. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ. ಕೆಲಸವಿದೆ. ಆದರೆ ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ, ಮತ್ತು ಎರಡನೆಯದನ್ನು ಅವನು ಇನ್ನೂ ಶುರು ಮಾಡಿದ್ದಾನೆಯೇ ಎಂದು ನಿಮ್ಮ ಪತ್ರದಲ್ಲಿಲ್ಲ. ಆಟ ಕಟ್ಟುವ ಗೊಡೊ ಎಂಬ ಉಚಿತ ತಂತ್ರಾಂಶ ಈಗಿರುವ ಲ್ಯಾಪ್‌ಟಾಪಿನಲ್ಲೇ ಆರಾಮಾಗಿ ಓಡುತ್ತದೆ. 3ಡಿ ಚಿತ್ರ ರಚಿಸುವ ಬ್ಲೆಂಡರ್ ಕೂಡ ಚಿಕ್ಕ ಕೆಲಸಗಳಿಗೆ ಓಡುತ್ತದೆ. ಅವನು ಗೊಡೊದಲ್ಲಿ ಒಂದು ಪುಟ್ಟ ಆಟವನ್ನು ಶುರುವಿನಿಂದ ಕೊನೆಯವರೆಗೆ ಮಾಡಿ ಮುಗಿಸಲಿ. ಆಮೇಲೆ ಅನ್‌ರಿಯಲ್ ಇಂಜಿನ್ 5ಕ್ಕೆ ಕೈಹಾಕಿದರೆ ಅಲ್ಲಿ 32 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಮೆಮೊರಿ ಇರಲಿ ಎಂದು ತಯಾರಕರೇ ಹೇಳುತ್ತಾರೆ. ಆಗ ಹೊಸ ಲ್ಯಾಪ್‌ಟಾಪಿನ ಬೇಡಿಕೆಗೆ ಆಧಾರವಿರುತ್ತದೆ, ಕೊನೆಯ ವರ್ಷದಲ್ಲೋ ಅವನ ಮೊದಲ ಇಂಟರ್ನ್‌ಶಿಪ್ ಹಣದ ಪಾಲು ಸೇರಿಸಿಯೋ ಕೊಳ್ಳಬಹುದು. ಈಗ ತರುವ ಮಾನಿಟರ್ ಆಗಲೂ ಅದಕ್ಕೆ ಜೋಡಿಯಾಗುತ್ತದೆ.

ಹಾಳು ಮಾಡುತ್ತಿದ್ದೇನಾ ಎಂದು ಕೇಳಿದಿರಿ. ಯಂತ್ರ ಯಾರನ್ನೂ ಹಾಳು ಮಾಡುವುದಿಲ್ಲ ಎಂದು ನಾನು ಸಮಾಧಾನ ಹೇಳಲಾರೆ, ಯಾಕೆಂದರೆ ಗೇಮಿಂಗ್ ಕೆಲವರನ್ನು ನಿಜವಾಗಿ ಹಿಡಿದುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ, 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅದರ ಲಕ್ಷಣ ಆಟದ ಗಂಟೆಗಳ ಲೆಕ್ಕವಲ್ಲ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ, ನಿದ್ದೆ, ಓದು, ಗೆಳೆತನ ಎಲ್ಲಕ್ಕಿಂತ ಆಟವೇ ಮುಂದಾಗುವುದು, ನಷ್ಟ ಕಣ್ಣೆದುರು ಕಂಡರೂ ಮುಂದುವರಿಸುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಿಸಬೇಕು. ರಾತ್ರಿ ಗೆಳೆಯರೊಂದಿಗೆ ಎರಡು ಗಂಟೆ ಆಡಿ ಬೆಳಗ್ಗೆ ಕಾಲೇಜಿಗೆ ಹೋಗುವ ಹುಡುಗ ಈ ಸಾಲಿಗೆ ಸೇರುವುದಿಲ್ಲ. ಕ್ಲಾಸು ತಪ್ಪಿಸುವುದು, ಹಗಲು ಮಲಗುವುದು, ಲ್ಯಾಪ್‌ಟಾಪ್ ಮುಚ್ಚು ಎಂದರೆ ರೇಗಿ ಸಾಮಾನು ಎಸೆಯುವುದು ನೀವು ಕಂಡಿದ್ದರೆ ಮಾನಿಟರಿನ ಮಾತು ಪಕ್ಕಕ್ಕಿಟ್ಟು ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ತಂತ್ರಜ್ಞಾನದ ಅತಿಬಳಕೆಗೆಂದೇ 2014ರಲ್ಲಿ ಆರಂಭಿಸಿದ್ದು ಅದು. ಫೋನಿನಲ್ಲಿ ಮಾತಾಡುವುದಾದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಹಾಗೇನೂ ಇಲ್ಲವೆಂದರೆ ನಿರಾಳವಾಗಿರಿ.

ಒಂದು ಕೋರಿಕೆ. ಮಾನಿಟರನ್ನು ಅಂಕಗಳಿಗೆ ಗಂಟು ಹಾಕಬೇಡಿ. ‘ಎಂಟು ಸಿಜಿಪಿಎ ತಂದರೆ ಕೊಡಿಸ್ತೀನಿ’ ಎಂದರೆ ಅದು ಉಡುಗೊರೆಯೂ ಆಗದು, ಅಗತ್ಯವೂ ಆಗದು, ಸಂಬಂಧದ ನಡುವೆ ಚೌಕಾಸಿ ಬಂದು ಕೂರುತ್ತದೆ. ಕೊಡುವುದಾದರೆ ಕೊಡಿ. ರಾತ್ರಿ ಎಷ್ಟು ಹೊತ್ತಿಗೆ ಹೆಡ್‌ಸೆಟ್ ಕೆಳಗಿಡಬೇಕು, ಅಪ್ಪನ ನಿದ್ದೆಗೆ ತೊಂದರೆಯಾಗದಂತೆ ಮಾತು ಎಷ್ಟು ಮೆಲ್ಲಗಿರಬೇಕು ಎಂಬುದನ್ನು ಮನೆಯ ನಿಯಮವಾಗಿ ಬೇರೆ ಮಾತಾಡಿ. ಎಲ್ಲರೂ ಒಟ್ಟಿಗಿರುವ ಮನೆಯಲ್ಲಿ ಇದು ಹಾರ್ಡ್‌ವೇರಿನಷ್ಟೇ ಮುಖ್ಯ.

ಕೊಳ್ಳುವ ದಿನ ಇಬ್ಬರೂ ಹೋಗಿ, ಅಪ್ಪ ಬಂದರೆ ಇನ್ನೂ ಒಳ್ಳೆಯದು. ಜಯನಗರದ ಅಂಗಡಿಗಳಲ್ಲಿ ಒಂದು ಸಲ ನೋಡಿ ಬೆಲೆ ಬರೆದುಕೊಂಡು, ಸೌತ್ ಎಂಡ್ ಸರ್ಕಲ್‌ನಲ್ಲಿ ಮೆಟ್ರೊ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆಯಿರಿ. ತಮ್ಮನ ಲ್ಯಾಪ್‌ಟಾಪ್ ಜೊತೆಗಿರಲಿ. ಅಂಗಡಿಯಲ್ಲೇ ಎಚ್‌ಡಿಎಂಐ ಕೇಬಲ್ ಚುಚ್ಚಿ, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನ ಅಡ್ವಾನ್ಸ್ಡ್ ಭಾಗದಲ್ಲಿ 144 ಹರ್ಟ್ಜ್ ಆಯ್ಕೆ ಬರುತ್ತದೆಯೇ ಎಂದು ನೋಡಬೇಕು. ಕೆಲವು ಹಳೆಯ ಲ್ಯಾಪ್‌ಟಾಪುಗಳ ಎಚ್‌ಡಿಎಂಐ 1.4 ಮಾದರಿಯದು, 120ಕ್ಕೇ ನಿಂತುಬಿಡಬಹುದು. ಅಷ್ಟು ಬಂದರೂ ಸಾಕು ಎನ್ನಿ, 60 ಮಾತ್ರ ಬಂದರೆ ಕೊಳ್ಳಬೇಡಿ. ಮಾನಿಟರ್ ಮನೆಗೆ ತಂದು ಸೆಟ್ಟಿಂಗ್ ಬದಲಿಸದೆ ವರ್ಷಗಟ್ಟಲೆ 60ರಲ್ಲೇ ಆಡುವವರೂ ಇದ್ದಾರೆ, ಹಾಗಾಗದಂತೆ ಅಲ್ಲೇ ಹೊಂದಿಸಿಕೊಳ್ಳಲಿ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕೆ ಇದೆಯೇ ನೋಡಿ.

ಕರೆಂಟಿನ ವಿಷಯ ಅಪ್ಪ ಕೇಳಿಯೇ ಕೇಳುತ್ತಾರೆ. 24 ಇಂಚಿನ ಮಾನಿಟರ್ ಸುಮಾರು 25 ವ್ಯಾಟ್, ಆಟ ಆಡುವಾಗ ಲ್ಯಾಪ್‌ಟಾಪ್ ನೂರಿಪ್ಪತ್ತು ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ ಮೂರು ಗಂಟೆಯ ಆಟಕ್ಕೆ ತಿಂಗಳಿಗೆ ಹದಿಮೂರು ಯೂನಿಟ್. ನೀವು ಗೃಹಜ್ಯೋತಿಯಲ್ಲಿದ್ದು ಈಗಾಗಲೇ ಇನ್ನೂರು ಯೂನಿಟ್ಟಿನ ಅಂಚಿನಲ್ಲಿದ್ದರೆ ಮಾತ್ರ ಎಚ್ಚರ. ಇನ್ನೂರು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಓಡುತ್ತದೆ, ಮಾನಿಟರ್ ಆರುತ್ತದೆ. ಅದಕ್ಕೆಂದು ಯುಪಿಎಸ್ ತರಬೇಡಿ, ಸ್ಪೈಕ್ ಗಾರ್ಡ್ ಇರುವ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ತನ್ನಿ.

ಜಿಎಸ್‌ಟಿ ಬಿಲ್ ಇಲ್ಲದೆ ಐನೂರು ರೂಪಾಯಿ ಕಡಿಮೆ ಮಾಡುತ್ತೇವೆ ಎಂದರೆ ಒಪ್ಪಬೇಡಿ, ವಾರಂಟಿ ನಿಂತಿರುವುದೇ ಆ ಕಾಗದದ ಮೇಲೆ. ಬಿಲ್ಲನ್ನು ತಮ್ಮನ ಹೆಸರಿಗೇ ಮಾಡಿಸಿ. ನಾಳೆ ಪರದೆಯಲ್ಲಿ ಗೆರೆ ಬಂದರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ದೂರು ದಾಖಲಿಸಿ, ಅವರು ಬರುವ ದಿನ ಮನೆಯಲ್ಲಿರಬೇಕಾದವನು ಅವನು. ನೀವು ರಜೆ ಹಾಕಬೇಕಾಗಿಲ್ಲ.